ಸೀಟಿನ ಹಿಂದೊಂದು ಫರಸಿ ಕಲ್ಲು

ಶಹಾಬಾದಿನ ಹೈಸ್ಕೂಲಿನಲ್ಲಿ ಹದಿನೆಂಟು ವರ್ಷ ವಿಜ್ಞಾನ ಕಲಿಸಿದವನಿಗೆ ಕಾರಿನ ಹಿಂದಿನ ಸೀಟೊಂದನ್ನು ನೆಟ್ಟಗೆ ನಿಲ್ಲಿಸುವುದು ಏನು ಮಹಾ! ಹಾಗಂತ ನಾನು ನಂಬಿದ್ದೆ. ಸೆಕೆಂಡ್ ಹ್ಯಾಂಡ್ ಕಾರು ಕೊಂಡು ಆರು ತಿಂಗಳಾಗಿತ್ತು. ಅದರ ಹಿಂದಿನ ಸೀಟಿನ ಬೆನ್ನು ಮುಂದಕ್ಕೆ ಮಡಚುವಂಥದ್ದು. ಬೇಕೆಂದಾಗ ಮಡಚಿದರೆ ಸರಿ, ನಮ್ಮದು ಬ್ರೇಕ್ ಹಾಕಿದಾಗಲೂ ಮಡಚುತ್ತಿತ್ತು! ವಾಡಿಯ ರೈಲ್ವೆ ಗೇಟಿನ ಮುಂದೆ ಒಮ್ಮೆ ಗಕ್ಕನೆ ನಿಲ್ಲಿಸಿದೆ. ಡಿಕ್ಕಿಯಲ್ಲಿದ್ದ ಗ್ಯಾಸ್ ಸಿಲಿಂಡರು ಸೀಟನ್ನು ಕೆಡವಿಕೊಂಡು ಬಂದು ನನ್ನ ಬೆನ್ನಿಗೇ ಒರಗಿ ಕೂತಿತು.

ಹೆಂಡತಿ ಶಾಂತಾ ಸೀಟಿನ ಮಾತೆತ್ತಿದ್ದು ತನ್ನ ತಂಗಿಯ ಕುಬುಸ, ಅಂದರೆ ಸೀಮಂತ, ಬಂದಾಗ. ಬಸುರಿ ತಂಗಿ ಸೇಡಂನಲ್ಲಿ ಗಂಡನ ಮನೆಯಲ್ಲಿದ್ದಳು. ತವರಿನವರು ಬುತ್ತಿ ಒಯ್ಯಬೇಕು. ತವರೆಂದರೆ ಈಗ ನಾವೇ. ಶಾಂತಾ ಓಣಿಯ ಹೆಂಗಸರನ್ನು ಕೂಡಿಸಿಕೊಂಡು ಎರಡು ದಿನ ಒಲೆಯ ಮುಂದೆ ಬೆವರಿ ಇನ್ನೂರು ಜೋಳದ ರೊಟ್ಟಿ ಬಡಿದಳು. ಎಳ್ಳು ಹಚ್ಚಿದ, ಕಾಗದದಂಥ ಕಟಕ ರೊಟ್ಟಿ! ಬುಟ್ಟಿಯಲ್ಲಿ ಜೋಡಿಸಿ, ಧೋತರ ಹೊದಿಸಿ ಹಿಂದಿನ ಸೀಟಿನ ಮೇಲಿಟ್ಟಳು. ಹಿತ್ತಾಳೆ ಕೊಡ, ಬೆಲ್ಲ, ತೆಂಗಿನಕಾಯಿ ಚೀಲ ಡಿಕ್ಕಿಗೆ ಹೋದವು.

"ರೊಟ್ಟಿ ಮುರದ್ರ ಆ ಬೀಗತಿ ಮುಂದ ನನ್ನ ಮಾನ ಹೋಗ್ತದ ನೋಡ್ರಿ. ಮದ್ಲ ಆ ಸೀಟಿಗೆ ಏನರ ಮಾಡ್ರಿ."

ನಾನು ಸೀಟಿನ ಸಮಗ್ರ ಪರಿಶೀಲನೆ ಕೈಗೊಂಡೆ. ಮೇಲ್ತುದಿಯಲ್ಲಿ ಮೇಲೆದ್ದ ಒಂದು ಗುಂಡಿ, ಅದರ ಬುಡದಲ್ಲಿ ಒಂದು ಕೆಂಪು ಬೊಟ್ಟು. ಹಳೆಯ ಮಾಲೀಕ ಹಚ್ಚಿದ ಕುಂಕುಮವಿರಬೇಕು. ಭಕ್ತಿವಂತ ಮನುಷ್ಯ! ಪ್ರತಿ ಅಮಾವಾಸ್ಯೆ ಗಾಡಿ ಪೂಜೆ ಮಾಡುವಾಗ ನಾನೂ ಅದರ ಮೇಲೆಯೇ ಕುಂಕುಮ ಹಚ್ಚುತ್ತ ಬಂದಿದ್ದೆ. ಆ ಗುಂಡಿಯನ್ನು ಭಕ್ತಿಯಿಂದ ಬಿಟ್ಟು ಉಳಿದದ್ದನ್ನೆಲ್ಲ ತಡವಿ ನೋಡಿದೆ. ಏನೂ ತಿಳಿಯಲಿಲ್ಲ.

ಮೊದಲು ಸೀಟನ್ನು ಹಗ್ಗದಿಂದ ಡಿಕ್ಕಿಯ ಬಾಗಿಲಿಗೆ ಬಿಗಿದೆ. ಸೀಟು ನಿಂತಿತು. ಬಾಗಿಲು ಮುಚ್ಚಲಿಲ್ಲ. ಹಗ್ಗ ಬಿಚ್ಚಿದೆ. ಬಾಗಿಲು ಮುಚ್ಚಿತು. ಸೀಟು ಬಿತ್ತು!

ಆಗ ಹೊಳೆಯಿತು. ನಮ್ಮೂರಿನಲ್ಲಿ ನೆಲಕ್ಕೆ ಫರಸಿ ಕಲ್ಲಿನ ಚಪ್ಪಡಿ, ಮಾಳಿಗೆಗೆ ಫರಸಿ, ಬೇಲಿಗೂ ಫರಸಿ. ಸೀಟಿಗೇಕೆ ಬೇಡ? ಬಚ್ಚಲು ಕಟ್ಟಿಸಿದಾಗ ಉಳಿದ ದೊಡ್ಡ ಕಲ್ಲೊಂದು ಹಿತ್ತಲಲ್ಲಿತ್ತು. ಅದನ್ನು ಹೊತ್ತು ತಂದು ಸೀಟಿಗೂ ಸಾಮಾನಿಗೂ ನಡುವೆ ಗೋಡೆಯಂತೆ ನಿಲ್ಲಿಸಿದೆ.

"ಸಾಮಾನು ತಡಿಯಾಕ ಕಲ್ಲು ಖರೇ," ಎಂದಳು ಶಾಂತಾ, "ಆ ಕಲ್ಲು ತಡಿಯಾಕ ಏನದ?"

"ಇದು ವಿಜ್ಞಾನ. ನಿನಗ ತಿಳಿಯಂಗಿಲ್ಲ. ಕುಂದ್ರು."

ಅವಳ ಪ್ರಶ್ನೆ ನನಗೇ ಅರ್ಥವಾಗಿರಲಿಲ್ಲ.

ಚಿತ್ತಾಪುರ ದಾಟುವವರೆಗೆ ಸೀಟು ಅಲುಗಲಿಲ್ಲ. "ನೋಡಿದಿ?" ಎಂದು ಹೆಂಡತಿಯ ಕಡೆ ತಿರುಗಿದೆ. "ಮುಂದ ನೋಡ್ರಿ!" ಎಂದು ಕೂಗಿದಳು. ಮುಂದೆ ಆಡಿನ ಹಿಂಡು! ಬ್ರೇಕ್ ಒತ್ತಿದೆ. ಕಾರು ನಿಂತಿತು. ಆಡುಗಳೂ ನಿಂತವು. ಕಲ್ಲು ನಿಲ್ಲಲಿಲ್ಲ!

ಸೀಟಿನ ಸಮೇತ ಅದು ರೊಟ್ಟಿ ಬುಟ್ಟಿಯ ಮೇಲೆ ಅಂಗಾತ ಮಲಗಿತು. ಅದರ ಮೇಲೆ ಕೊಡ, ಕೊಡದ ಮೇಲೆ ಬೆಲ್ಲ. ವರ್ಷಾವರ್ಷ ಮಕ್ಕಳಿಗೆ ಜಡತ್ವದ ಪಾಠ ಹೇಳಿದ ನನಗೆ ಒಂದೇ ಗೊಂದಲ: ಹಿಡಿಯಲು ಇಟ್ಟ ಕಲ್ಲೇ ಕೆಡವಿತಲ್ಲ, ಹೇಗೆ? ಶಾಂತಾ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಸೇಡಂ ಬರುವವರೆಗೂ ಧೋತರದ ಮೇಲಿಂದಲೇ ರೊಟ್ಟಿ ತಡವಿ ನೋಡುತ್ತಿದ್ದಳು. ಬೈದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು.

ತಂಗಿಯ ಅತ್ತೆ, ಅಂದರೆ ಆ ಬೀಗತಿ, ಹತ್ತು ಮಂದಿ ಹೆಂಗಸರ ನಡುವೆ ಬುಟ್ಟಿಯ ಮೇಲಿನ ಧೋತರ ಎತ್ತಿದರು.

"ಯವ್ವಾ! ರೊಟ್ಟಿ ತರ್ತಾರಂದ್ರ ಹಿಟ್ಟು ತಂದಾರಲ್ಲ!"

ಮನೆಯೆಲ್ಲ ನಗು. ಶಾಂತಾಳ ಕಣ್ಣು ತುಂಬಿ ಬಂತು. ನನಗೆ ಆ ಕಲ್ಲಿನ ಕೆಳಗೇ ಹೋಗಿ ಮಲಗೋಣವೆನಿಸಿತು. ಬೀಗತಿ ಅವಳ ಮುಖ ನೋಡಿದವರೇ ಮೆತ್ತಗಾದರು. "ಇರ್ಲಿ ಬಿಡವ್ವ. ಮಸರಾಗ ಕಲಿಸಿ, ಒಗ್ಗರಣಿ ಕೊಡೂಣು. ಬಸುರಿಗಿ ಅಗಿಯೋ ತ್ರಾಸರ ತಪ್ಪತು."

ಅಷ್ಟರಲ್ಲಿ ನಾದಿನಿಯ ಗಂಡ ಕಾರಿನ ಹತ್ತಿರ ಹೋಗಿ ಸೀಟಿನ ಬೆನ್ನನ್ನು ಹಿಂದಕ್ಕೆ ಜೋರಾಗಿ ದೂಡಿದ. ಟಕ್! ಗುಂಡಿ ಒಳಗಿಳಿಯಿತು. ಕೆಂಪು ಬೊಟ್ಟು ಮಾಯ!

"ಸರ್, ಈ ಕೆಂಪು ಕಾಣಾಕತ್ತಿದ್ರ ಲಾಕ್ ಬಿದ್ದಿಲ್ಲ ಅಂತ. ಅದ್ರ ಮ್ಯಾಲ ಇದೇನ್ರಿ, ಕುಂಕುಮ?"

ನಾನು ಬಾಯಿ ತೆರೆಯುವ ಮೊದಲೇ ಶಾಂತಾ ಉತ್ತರಿಸಿದಳು: "ಅಮಾಸಿಗೊಮ್ಮಿ ಪೂಜಾ ಮಾಡ್ತಾರ್ರಿ ನಮ್ಮನಿಯವ್ರು!"

ಕಲ್ಲನ್ನು ಅಲ್ಲೇ ಇಳಿಸಿ ಬಂದೆವು. ಬೀಗತಿ ಅದರ ಮೇಲೆ ಬಟ್ಟೆ ಒಗೆಯುತ್ತಾರಂತೆ.

ಮುಂದಿನ ಅಮಾವಾಸ್ಯೆ ಕುಂಕುಮದ ಬಟ್ಟಲು ಹಿಡಿದು ಕಾರಿನತ್ತ ಹೊರಟಿದ್ದೆ. ಶಾಂತಾ ಅಡ್ಡ ಬಂದು ಬಟ್ಟಲು ಕಸಿದುಕೊಂಡಳು. ನನ್ನ ಹಣೆಯ ಮೇಲೆ ದೊಡ್ಡದೊಂದು ಕೆಂಪು ಬೊಟ್ಟು ಇಟ್ಟಳು.

"ಇಲ್ಲೂ ಲಾಕ್ ಬಿದ್ದಿಲ್ಲ. ಮಂದಿಗಿ ಗೊತ್ತಾಗ್ಲಿ!"