ತಟ್ಟೆಯ ತಳದಲ್ಲಿ ನನ್ನ ಹೆಸರು

ನಮ್ಮ ಕಡೆ ಮನುಷ್ಯ ಬರುವುದೂ ಹೋಗುವುದೂ ಸ್ಟೀಲಿನ ಜೊತೆಗೇ. ಹುಟ್ಟಿದರೆ ಹಾಲು ಕುಡಿಸುವ ಒಳಲೆ, ಮದುವೆಗೆ ಅನ್ನ ಬೇಯಿಸುವ ಕೊಳದಪ್ಪಲೆ, ಕೊನೆಗೆ ತಿಥಿಗೆ ಬಂದವರಿಗೆಲ್ಲ ಹೆಸರು ಕೊರೆಸಿ ಹಂಚುವ ತಟ್ಟೆ. ಸ್ಟೀಲು ಒಡೆಯುವುದಿಲ್ಲ, ಬರೆಸಿದ ಹೆಸರನ್ನು ಮರೆಯುವುದೂ ಇಲ್ಲ. ನನ್ನ ಹೆಂಡತಿ ಜಯಮ್ಮನಿಗಂತೂ ಪಾತ್ರೆಗೆಲ್ಲ ಹೆಸರು ಹಾಕಿಸುವ ಚಟ. ಸೌಟಿನ ಮೇಲೂ ನನ್ನ ಹೆಸರಿದೆ. ಮನೆಯಲ್ಲಿ ನನ್ನ ಹೆಸರು ನಡೆಯುವುದು ಅಷ್ಟರಮಟ್ಟಿಗೆ ಮಾತ್ರ.

ಒಂದು ಭಾನುವಾರ ಮಧ್ಯಾಹ್ನ ಹೊಸ ತಟ್ಟೆಯಲ್ಲಿ ಮುದ್ದೆ, ಬಸ್ಸಾರು ಉಣ್ಣುತ್ತಿದ್ದೆ. ಸಾರು ಸರಿದಂತೆಲ್ಲ ತಳದಿಂದ ಅಕ್ಷರಗಳು ಒಂದೊಂದೇ ಮೇಲೆದ್ದವು. ‘ದಿವಂಗತ ಚಿಕ್ಕಲಿಂಗಯ್ಯನವರ ಜ್ಞಾಪಕಾರ್ಥ. ಮರಣ:’ ಅದರ ಮುಂದೆ ಖಾಲಿ. ಚಿಕ್ಕಲಿಂಗಯ್ಯ ಎಂದರೆ ನಾನು. ಬೆರಳಿನಿಂದ ಉಜ್ಜಿ ನೋಡಿದೆ. ತಾರೀಕು ಇರಲಿಲ್ಲ. ಇದ್ದಿದ್ದರೆ ಅಷ್ಟು ಭಯವಾಗುತ್ತಿರಲಿಲ್ಲವೇನೋ.

ಜಯಮ್ಮ ಬಗ್ಗಿ ಓದಿ ಬೆಚ್ಚಿದಳು. “ನಾನು ಬರೀ ಎಸ್ರು ಆಕಿ ಅಂದಿದ್ದೆ ಕಣ್ರೀ, ದಿವಂಗತ ಅಂದಿರ್ನಿಲ್ಲ!” ಎಂದವಳು, ನನ್ನ ಮುಖ ನೋಡಿ, “ಇನ್ನೊಸಿ ಸಾರು ಬುಡ್ಲಾ?” ಎಂದಳು.

ಮರುದಿನವೇ ಮದ್ದೂರಿನ ಪೇಟೆ ಬೀದಿಗೆ ಹೋದೆ. ಪಾತ್ರೆಗೆ ಹೆಸರು ಕೊರೆಯುವ ರಹಮತ್ ಸಾಹೇಬರು ಮಿಷನ್ ನಿಲ್ಲಿಸಿ ತಟ್ಟೆ ನೋಡಿದರು.

“ಬರವಣಿಗೆ ನಂದೇ ಮೇಷ್ಟ್ರೇ.”

“ಬರೆಸಿದ್ದು ಯಾರು?”

“ಅವ್ರೇ. ದಿವಂಗತರೇ ಬಂದು ಬರೆಸ್ಕೊಂಡು ಹೋದ್ರು. ತಾರೀಕು ಆಮೇಲೆ ಗೊತ್ತಾಯ್ತದೆ ಅಂದ್ರು.”

ಸುಡುಬಿಸಿಲಲ್ಲಿ ನಿಂತಿದ್ದ ನನ್ನ ಬೆನ್ನು ತಣ್ಣಗಾಯಿತು. ಸಾಹೇಬರಿಗೆ ಕನಿಕರ ಬಂದಿರಬೇಕು. “ಮಳವಳ್ಳಿ ಕಡೆಯೋರು. ನಿಮ್ಮ ಹೆಸರೇ. ಎರಡು ತಟ್ಟೆ ಅದಲುಬದಲಾಗವೆ” ಎಂದು ಊರು ಹೇಳಿದರು.

ಬಸ್ಸು ಹಿಡಿದು ಹೋದರೆ, ದಿವಂಗತರು ಜಗಲಿಯ ಮೇಲೆ ಕೂತು ನನ್ನ ತಟ್ಟೆಗೆ ಅವರೆಕಾಯಿ ಸುಲಿಯುತ್ತಿದ್ದರು. ಎಂಬತ್ತು ದಾಟಿದ ಗಟ್ಟಿ ಜೀವ. ಬದುಕಿರುವಾಗಲೇ ಇದೇಕೆ ಎಂದು ಕೇಳಿದೆ.

“ಮಕ್ಳ ನಂಬಕ್ಕಾಯ್ತದಾ ಮೇಷ್ಟ್ರೇ? ತಿಥಿಗೆ ಪ್ಲಾಸ್ಟಿಕ್ ಡಬ್ಬ ಅಂಚ್ಬುಡ್ತರೆ. ಸ್ಟೀಲಾದ್ರೆ ನೂರು ಮನೇಲಿ ನನ್ನ ಎಸ್ರ ಮ್ಯಾಲೆ ಅನ್ನ ಉಣ್ತರೆ.”

ನನ್ನ ಕಣ್ಣು ಒದ್ದೆಯಾಯಿತು. ತಟ್ಟೆ ಮುಂದೆ ಹಿಡಿದೆ. ಅವರು ಮುಟ್ಟಲಿಲ್ಲ. ಸಂತೆಯಲ್ಲಿ ಎತ್ತನ್ನು ನೋಡುವಂತೆ ನನ್ನನ್ನು ಅಡಿಯಿಂದ ಮುಡಿಯವರೆಗೂ ನೋಡಿದರು.

“ವಯಸ್ಸೆಷ್ಟು?”

“ಐವತ್ತೇಳು.”

“ಸುಗರ್ರು?”

“ಇದೆ.”

“ಅಂಗಾರೆ ನೀವೇ ಮಡೀಕಳಿ. ನಮ್ಮಿಬ್ರಲ್ಲಿ ಯಾರು ಮುಂದಾದ್ರೂ ದಂಡ ಆಗಕಿಲ್ಲ.” ಅವರು ನಗಲಿಲ್ಲ.

ಅಂದಿನಿಂದ ಮಳವಳ್ಳಿ ಕಡೆಯವರು ಯಾರೇ ಸಿಕ್ಕಲಿ, ಅಜ್ಜನ ಕ್ಷೇಮ ವಿಚಾರಿಸುತ್ತೇನೆ. “ಗುಂಡ್ಕಲ್ಲಂಗವ್ರೆ” ಎಂದಾಗಲೆಲ್ಲ ಸಂತೋಷಪಡಬೇಕಾದ ಎದೆ ಧಸಕ್ಕೆನ್ನುತ್ತದೆ. ಇಂಥ ನೀಚ ಬುದ್ಧಿ ನನ್ನೊಬ್ಬನಿಗೇ ಏಕೆ ಬಂತೆಂದು ನಾಚಿಕೊಂಡಿದ್ದೆ. ಮೊನ್ನೆ ಆ ಊರಿನವನೊಬ್ಬ ಸಮಾಧಾನ ಕೊಟ್ಟ: ಮದ್ದೂರಿಗೆ ಹೋಗಿ ಬಂದವರನ್ನೆಲ್ಲ ಅಜ್ಜ ಜಗಲಿಗೆ ಕರೆದು ಕೂರಿಸಿಕೊಂಡು, “ಮೇಷ್ಟ್ರು ಎಂಗವ್ರೆ?” ಎಂದು ಕೇಳುತ್ತಾರಂತೆ.