ಬಿಳಿಗಲ್ಲಹುಂಡಿಯ ಏಕಗವಾಕ್ಷಿ ಗುಟುಕು

ಬಿಳಿಗಲ್ಲಹುಂಡಿಯ ಹೆಂಗಸರ ರಕ್ತದಲ್ಲಿ ಕಬ್ಬಿಣದ ಅಂಶ ಕಡಿಮೆ ಇದೆ ಎಂಬ ವಿಷಯವನ್ನು ಲೋಹಬಲ ಅಭಿಯಾನ ಸಮಿತಿಯು ಆಗಸ್ಟ್ ತಿಂಗಳ ಮೊದಲ ಸಭೆಯಲ್ಲಿ ಸರ್ವಾನುಮತದಿಂದ ಅಂಗೀಕರಿಸಿತು. ಅದಕ್ಕೂ ಮುಂಚೆ ಕಬ್ಬಿಣ ಬೇಕಾದಷ್ಟಿತ್ತು ಎಂದು ಯಾರೂ ತಪ್ಪು ತಿಳಿಯಬಾರದು. ಆಗಲೂ ಕಡಿಮೆಯೇ ಇತ್ತು, ಅಂಗೀಕಾರವಾಗಿರಲಿಲ್ಲ ಅಷ್ಟೆ.

ಊರು ನಂಜನಗೂಡು ತಾಲ್ಲೂಕಿನದು, ಹೆಮ್ಮರಗಾಲ ದಾಟಿ ಮೂರು ಮೈಲಿ. ನಾನು ಸೋಮಶೇಖರ್, ಸಮಿತಿಯ ನಡಾವಳಿ ಬರೆಯುವ ಗುಮಾಸ್ತ. ಟಿ. ನರಸೀಪುರದಿಂದ ಎರಡು ಬಸ್ಸು ಬದಲಾಯಿಸಿ ದಿನಾ ಬರುತ್ತೇನೆ. ಮಧ್ಯಾಹ್ನದ ಬುತ್ತಿ ಬಿಚ್ಚುವುದಕ್ಕೆ ಸಂಜೆ ನಾಲ್ಕಾಗುತ್ತದೆ. ನಡೆದದ್ದನ್ನು ನಡೆಯಬೇಕಾಗಿದ್ದ ಹಾಗೆ ಬರೆಯುವುದು ನನ್ನ ಕೆಲಸ, ಹದಿನೆಂಟು ವರ್ಷದಿಂದ ಅದನ್ನು ಚೆನ್ನಾಗಿಯೇ ಮಾಡಿಕೊಂಡು ಬಂದಿದ್ದೇನೆ. ಇದೊಂದನ್ನು ಮಾತ್ರ ನಡೆದ ಹಾಗೇ ಬರೆದಿಡುತ್ತಿದ್ದೇನೆ, ಏಕೆಂದರೆ ಇದರಲ್ಲಿ ನನ್ನ ರಕ್ತವೂ ಸೇರಿದೆ.

ಮೊದಲು ಪುಟ್ಟಲಕ್ಷ್ಮಿಯ ವಿಷಯ ಹೇಳಬೇಕು. ಆಕೆ ಊರಿನ ಶಾಲೆಯ ಬಿಸಿಯೂಟದ ಅಡುಗೆಯಾಕೆ. ವಯಸ್ಸು ಮೂವತ್ತಾರು, ದಿನಾ ತೊಂಬತ್ತನಾಲ್ಕು ಮಕ್ಕಳಿಗೆ ಅನ್ನ ಸಾಂಬಾರು ಮಾಡುತ್ತಾಳೆ. ರಕ್ತಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ ಏಳು ಪಾಯಿಂಟ್ ಆರು ಬಂತು. ಥೈರಾಯ್ಡ್ ಕೂಡ ಮಂದವಾಗಿದೆ ಎಂದು ವರದಿ ಹೇಳಿತು. ಸಮಿತಿಯ ಒಂಬತ್ತನೇ ನಿಯಮದ ಪ್ರಕಾರ ಮಾರ್ಚ್ ಮೂವತ್ತೊಂದರಂದು ಹತ್ತು ಪಾಯಿಂಟ್ ಮುಟ್ಟದ ಅಡುಗೆಯವರಿಗೆ ಅವರ ಆರೋಗ್ಯದ ಹಿತದೃಷ್ಟಿಯಿಂದ ವಿಶ್ರಾಂತಿ ನೀಡತಕ್ಕದ್ದು. ವಿಶ್ರಾಂತಿ ಎಂದರೆ ಮನೆಗೆ ಹೋಗುವುದು, ಮತ್ತೆ ಬರದೇ ಇರುವುದು.

"ಬಡಿಸ್ತಾ ಬಡಿಸ್ತಾ ಕಣ್ಣು ಕತ್ಲೆ ಬತ್ತದೆ ಸಾ," ಎಂದು ಪುಟ್ಟಲಕ್ಷ್ಮಿ ನನ್ನ ಹತ್ತಿರ ಹೇಳಿಕೊಂಡಳು. "ಕೂತ್ರೆ ಏಳಾಕಾಗಾಕಿಲ್ಲ. ಆದ್ರೂ ಈ ಕೆಲ್ಸ ಬುಡಾಕೆ ಇಷ್ಟ ಇಲ್ಲ ಕಣ್ ಸಾ. ನಾನಿಲ್ದಿದ್ರೆ ಒಂದ್ನೇ ಕ್ಲಾಸ್ ಮಕ್ಳು ಸೊಪ್ಪೆಲ್ಲ ಆರ್ಸಿ ಎಸೀತವೆ."

"ಹೆದರಬೇಡಮ್ಮ, ಸುತ್ತೋಲೆ ಬಂದಿದೆ," ಎಂದು ಧೈರ್ಯ ಹೇಳಿದೆ.

ಸುತ್ತೋಲೆಯನ್ನು ಬರೆದವರು ಅಭಿಯಾನದ ಸಂಯೋಜಕರಾದ ಶಿವಸ್ವಾಮಿಯವರು. ಮಾತ್ರೆಗಳನ್ನು ಮನೆಗೆ ಕೊಟ್ಟು ಕಳಿಸಿದರೆ ಅವು ದೇವರ ಗೂಡಿನಲ್ಲೋ ಅಕ್ಕಿ ಡಬ್ಬದ ಹಿಂದೋ ಶಾಶ್ವತವಾಗಿ ನೆಲೆಸುತ್ತವೆ ಎಂಬುದು ಅವರ ಅನುಭವ. ಆದ್ದರಿಂದ ಆಟೋಕ್ಕೆ ಮೈಕು ಕಟ್ಟಿಸಿ ಊರಿನ ಮೂರೂ ಬೀದಿಗಳಲ್ಲಿ ಪ್ರಕಟಣೆ ಹೊರಡಿಸಿದರು:

"ಭಾನುವಾರ ಹೊರತು ಪ್ರತಿದಿನ ಸಂಜೆ ನಾಲ್ಕಕ್ಕೆ ಫಲಾನುಭವಿ ಮಹಿಳೆಯರು ಸಮುದಾಯ ಭವನಕ್ಕೆ ಹಾಜರಾಗತಕ್ಕದ್ದು. ಕಬ್ಬಿಣದ ಮಾತ್ರೆ, ಥೈರಾಯ್ಡ್ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ, ಈ ಪೈಕಿ ತಮಗೆ ಬರೆದಿರುವಷ್ಟನ್ನೂ ಏಕಗವಾಕ್ಷಿ ಪದ್ಧತಿಯಲ್ಲಿ ಒಂದೇ ಗುಟುಕಿಗೆ ನುಂಗತಕ್ಕದ್ದು. ನುಂಗಿದ ನಂತರ ನಾಲಿಗೆ ಚಾಚಿ ಫೋಟೋಕ್ಕೆ ತೋರಿಸತಕ್ಕದ್ದು. ಕಾರ್ಯಕ್ರಮವು ಟೀಯೊಂದಿಗೆ ಮುಕ್ತಾಯವಾಗತಕ್ಕದ್ದು."

ಟೀ ಏಕೆ ಎಂದು ನಮ್ಮ ಸೀಮೆಯವರು ಯಾರೂ ಕೇಳುವುದಿಲ್ಲ. ಜನರನ್ನು ಕರೆಸಿ ಒಂದು ಲೋಟ ಟೀ ಕೊಡದೆ ಕಳಿಸಿದರೆ ಅದು ಕಾರ್ಯಕ್ರಮ ಎನ್ನಿಸಿಕೊಳ್ಳುವುದಿಲ್ಲ, ಅವಮಾನ ಎನ್ನಿಸಿಕೊಳ್ಳುತ್ತದೆ. ಟೀ ಒದಗಿಸುವ ಹೊಣೆ ಬಸ್ ಸ್ಟಾಪಿನ ಮರಿಯಯ್ಯನ ಹೋಟೆಲಿಗೆ ಬಂತು. ಮರಿಯಯ್ಯನ ಟೀ ಎಂದರೆ ಲೋಟದ ತಳ ಕಾಣಬಾರದು, ಕುಡಿದವರು ಇನ್ನೊಂದು ಗಂಟೆ ಅದರ ರುಚಿಯನ್ನು ಮರೆಯಬಾರದು.

ಮೊದಲ ದಿನ ಸೋಮವಾರ. ಪುಟ್ಟಲಕ್ಷ್ಮಿಯ ಅತ್ತೆ ಮಾದಮ್ಮ, ಎಪ್ಪತ್ತರ ಮುದುಕಿ, ಎಲ್ಲರಿಗಿಂತ ಮುಂದೆ ನಿಂತು ಒಂದು ಆಕ್ಷೇಪಣೆ ಎತ್ತಿದಳು.

"ಸೋಮಾರ ನಂಗೂ ನನ್ ಸೊಸೆಗೂ ಒಪ್ಪತ್ತು ಕಣಪ್ಪ. ಮೂರ್ ಮೂರ್ ಮಾತ್ರೆ ನುಂಗಿದ್ರೆ ಒಪ್ಪತ್ತು ಕೆಡಾಕಿಲ್ವಾ?"

"ಮಾತ್ರೆ ಆಹಾರದ ವ್ಯಾಖ್ಯೆಯಲ್ಲಿ ಬರುವುದಿಲ್ಲ ಅಜ್ಜಿ," ಎಂದರು ಶಿವಸ್ವಾಮಿ.

"ಅಂಗಾದ್ರೆ ಸರಿ."

"ಟೀ ಬೇಡವೇನೋ, ಒಪ್ಪತ್ತಲ್ಲವೇ?"

ಮಾದಮ್ಮ ಅವರನ್ನು ಮರುಕದಿಂದ ನೋಡಿದಳು. "ಟೀ ಯಾವತ್ಲಾ ಲೆಕ್ಕಕ್ ಬಂದದ್ದು? ನಂಜುಂಡಪ್ಪಂಗೂ ಗೊತ್ತು," ಎಂದು ಎರಡನೇ ಲೋಟಕ್ಕೆ ಕೈ ಚಾಚಿದಳು.

ಹೀಗೆ ಮೂರು ತಿಂಗಳು ನಡೆಯಿತು. ಹಾಜರಾತಿ ನೂರಕ್ಕೆ ನೂರು. ನನ್ನ ಕಂಪ್ಯೂಟರಿನಲ್ಲಿ ಮೂರು ಸಾವಿರಕ್ಕೂ ಹೆಚ್ಚು ನಾಲಿಗೆಗಳು ಜಮೆಯಾದವು. ನವೆಂಬರಿನಲ್ಲಿ ಮತ್ತೆ ಪರೀಕ್ಷೆ ಮಾಡಿಸಿದಾಗ ಪುಟ್ಟಲಕ್ಷ್ಮಿಯ ರಕ್ತ ಏಳು ಪಾಯಿಂಟ್ ಎರಡಕ್ಕೆ ಇಳಿದಿತ್ತು.

ಸಭೆಯಲ್ಲಿ ಶಿವಸ್ವಾಮಿಯವರು ವಿಚಲಿತರಾಗಲಿಲ್ಲ. "ಇಳಿಕೆಯ ವೇಗ ನಿಯಂತ್ರಣದಲ್ಲಿದೆ," ಎಂದು ಬರೆಸಿದರು. ಮಹಿಳೆಯರು ತುಂಬಾ ಸುಸ್ತಾಗಿ ಕಾಣುತ್ತಿರುವುದರಿಂದ ಉತ್ಸಾಹವರ್ಧನೆಗಾಗಿ ತಲಾ ಇನ್ನೊಂದು ಲೋಟ ಟೀ ಕೊಡಬಹುದೆಂದು ಸೂಚಿಸಿದರು. ನಿರ್ಣಯ ಅಂಗೀಕಾರವಾಯಿತು. ಮರಿಯಯ್ಯ ಹೊಸ ಪಾತ್ರೆ ತಂದ.

ಅದೇ ವಾರ ಒಂದು ಮಧ್ಯಾಹ್ನ ನಾನು ಶಾಲೆಯ ಕಡೆ ಹೋಗಿದ್ದೆ. ಪುಟ್ಟಲಕ್ಷ್ಮಿ ಸೌಟು ಹಿಡಿದುಕೊಂಡೇ ನೆಲಕ್ಕೆ ಕುಸಿದು ಕೂತಿದ್ದಳು. ಮಕ್ಕಳು ತಟ್ಟೆ ಹಿಡಿದು ಸುತ್ತ ನಿಂತಿದ್ದರು, ಒಬ್ಬರೂ ಗಲಾಟೆ ಮಾಡುತ್ತಿರಲಿಲ್ಲ. "ಏನಿಲ್ಲ, ಎಲ್ರೂ ಕೂತ್ಕಳಿ, ಬಡಿಸ್ತೀನಿ," ಎಂದು ಆಕೆ ಕೂತಲ್ಲಿಂದಲೇ ಹೇಳುತ್ತಿದ್ದಳು. ಹದಿನೆಂಟು ವರ್ಷದ ನೌಕರಿಯಲ್ಲಿ ನನಗೆ ಅಷ್ಟು ಸಂಕಟವಾದದ್ದು ಇನ್ನೊಂದಿಲ್ಲ. ನಡಾವಳಿಯಲ್ಲಿ ಅದಕ್ಕೆ ಕಲಂ ಇರಲಿಲ್ಲವಾಗಿ ಬರೆಯಲಿಲ್ಲ.

ಆಗ ಮಾತಾಡಿದವಳು ಹೊಸದಾಗಿ ಬಂದಿದ್ದ ನರ್ಸ್ ವನಿತಾ, ತಲಕಾಡಿನ ಕಡೆಯ ಹುಡುಗಿ. ಮುಂದಿನ ಸಭೆಯಲ್ಲಿ ಎದ್ದು ನಿಂತು ಕೈಯಲ್ಲಿ ಚೀಟಿಯೂ ಇಲ್ಲದೆ ಹೇಳಿಬಿಟ್ಟಳು.

"ಸರ್, ಟೀ ಕುಡಿದ್ರೆ ಕಬ್ಬಿಣ ಮೈಗೆ ಹತ್ತಲ್ಲ. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೇಲಿ ಬರೀ ನೀರಲ್ಲಿ ತಗೋಬೇಕು. ಅದಕ್ಕೂ ಕಬ್ಬಿಣದ್ದಕ್ಕೂ ನಾಲ್ಕು ಗಂಟೆ ಅಂತರ ಇರ್ಬೇಕು. ಕ್ಯಾಲ್ಸಿಯಂ ಇನ್ನೊಂದು ಹೊತ್ತಿಗೆ. ನಾವು ಎಲ್ಲಾನೂ ಒಟ್ಟಿಗೆ ನುಂಗ್ಸಿ, ಮೇಲೆ ಟೀ ಹುಯ್ತಾ ಇದೀವಿ."

"ಅಂದರೆ ದಿನಕ್ಕೆ ಮೂರು ಫೋಟೋ?" ಎಂದು ಶಿವಸ್ವಾಮಿ ಕೇಳಿದರು.

"ಫೋಟೋ ಬೇಡ ಸರ್. ಮನೇಲೇ ತಗೊಳ್ಳಲಿ, ನಾನು ಹೋಗಿ ನೋಡ್ಕೊಂಡು ಬರ್ತೀನಿ."

"ಏಕಗವಾಕ್ಷಿಯನ್ನು ಮೂರು ಗವಾಕ್ಷಿ ಮಾಡಿ ಅಂತೀರಿ."

"ಅದಾಗದಿದ್ರೆ ಟೀ ಆದ್ರೂ ನಿಲ್ಸಿ ಸರ್."

ಬಾಗಿಲಲ್ಲಿ ಕೆಟಲ್ ಹಿಡಿದು ನಿಂತಿದ್ದ ಮರಿಯಯ್ಯ ಮೆಲ್ಲಗೆ, "ಟೀ ಇಲ್ದೇ ಜನ ಎಂಗ್ ಬತ್ತಾರೆ ಸಿಸ್ಟರು?" ಎಂದ.

"ಅದೇ ವಿಷಯ," ಎಂದರು ಶಿವಸ್ವಾಮಿ. "ಜನ ಟೀಗೆ ಬರುತ್ತಾರೆ. ಬಂದದ್ದಕ್ಕೆ ಮಾತ್ರೆ ನುಂಗುತ್ತಾರೆ. ಬುಡವನ್ನೇ ಕಡಿ ಅಂದರೆ ಹೇಗೆ?"

ದೀರ್ಘ ಚರ್ಚೆ ನಡೆಯಿತು, ನಡುವೆ ಟೀ ಬಂತು. ಕೊನೆಗೆ ಆದ ನಿರ್ಣಯವನ್ನು ನಾನೇ ಬರೆದೆ: "ಟೀ ಮತ್ತು ಮಾತ್ರೆಗಳು ಪರಸ್ಪರ ಹೊಂದಿಕೊಳ್ಳುತ್ತಿಲ್ಲವೆಂದು ತಿಳಿದುಬಂದಿರುವುದರಿಂದ, ತಜ್ಞರ ಅಭಿಪ್ರಾಯ ಬರುವವರೆಗೆ ಎರಡರಲ್ಲಿ ಒಂದನ್ನು ತಡೆಹಿಡಿಯುವುದು." ಯಾವುದನ್ನು ಎಂದು ಕೈ ಎತ್ತಿಸಿದರು. ಟೀ ಪರವಾಗಿ ಹನ್ನೊಂದು ಕೈ, ಮಾತ್ರೆ ಪರವಾಗಿ ವನಿತಾಳದೊಂದು. ಮಾತ್ರೆಯನ್ನು ತಡೆಹಿಡಿಯಲಾಯಿತು. ನನ್ನ ಕೈ ಯಾವ ಕಡೆಗಿತ್ತು ಎಂದು ಓದುಗರು ಒತ್ತಾಯಿಸಬಾರದು.

ಕಾರ್ಯಕ್ರಮ ಎಂದಿನಂತೆ ಮುಂದುವರಿಯಿತು. ಹೆಂಗಸರು ನಾಲ್ಕಕ್ಕೆ ಬಂದು, ನಾಲಿಗೆ ಚಾಚಿ ಫೋಟೋ ತೆಗೆಸಿಕೊಂಡು, ಎರಡು ಲೋಟ ಟೀ ಕುಡಿದು ಹೋಗುತ್ತಿದ್ದರು. ಮಾತ್ರೆ ನುಂಗದ ನಾಲಿಗೆಗೂ ನುಂಗಿದ ನಾಲಿಗೆಗೂ ಫೋಟೋದಲ್ಲಿ ವ್ಯತ್ಯಾಸ ಕಾಣುತ್ತಿರಲಿಲ್ಲ.

ವನಿತಾ ಸುಮ್ಮನಿರಲಿಲ್ಲ. ಒಂದು ದಿನ ತಡೆಹಿಡಿದ ಮಾತ್ರೆಗಳಲ್ಲಿ ಪುಟ್ಟಲಕ್ಷ್ಮಿಯ ಪಾಲನ್ನು ಚೀಲಕ್ಕೆ ಹಾಕಿಕೊಂಡು ಆಕೆಯ ಮನೆಗೇ ಹೋದಳು. ಹಳೆಯ ಮಾತ್ರೆ ಪಟ್ಟಿಯಲ್ಲಿ ಸಹಿ ಹಾಕಿಸಬೇಕೆಂಬ ನೆಪದಲ್ಲಿ ನಾನೂ ಹಿಂದೆ ಹೋದೆ.

"ನೀವು ಊಟ ಮಾಡೋದು ಯಾವಾಗ ಅಕ್ಕ?" ಎಂದು ವನಿತಾ ಕೇಳಿದಳು.

"ಎಲ್ಲಾರ್ದೂ ಆದ್ಮೇಲೆ."

"ಬಸ್ಸಾರು ಮಾಡಿದ ದಿನ ನಿಮಗೆ ಸೊಪ್ಪು ಉಳಿದಿರುತ್ತಾ?"

ಪುಟ್ಟಲಕ್ಷ್ಮಿ ನಕ್ಕಳು. "ಸಾರಿನ ನೀರಿರ್ತದೆ ಸಿಸ್ಟರ್."

ತೊಂಬತ್ತನಾಲ್ಕು ಮಕ್ಕಳಿಗೆ ಸೊಪ್ಪು ತಿನ್ನಿ ಎಂದು ಗದರುವವಳು ಮನೆಯಲ್ಲಿ ಸೊಪ್ಪು ಬಸಿದ ನೀರಿಗೆ ಮುದ್ದೆ ಅದ್ದಿಕೊಂಡು ಉಣ್ಣುತ್ತಿದ್ದಳು. ವನಿತಾ ಕಟ್ಟುನಿಟ್ಟಾಗಿ ಹೇಳಿದಳು: ಎದ್ದ ಕೂಡಲೇ ಥೈರಾಯ್ಡ್ ಮಾತ್ರೆ, ಬರೀ ನೀರಲ್ಲಿ. ಹನ್ನೊಂದು ಗಂಟೆಗೆ ಕಬ್ಬಿಣದ್ದು, ನಿಂಬೆಹಣ್ಣಿನ ನೀರಲ್ಲಿ. ಕ್ಯಾಲ್ಸಿಯಂ ರಾತ್ರಿ ಊಟದ ಮೇಲೆ. ಸೊಪ್ಪು, ಹುರುಳಿಕಾಳು, ಮೊಟ್ಟೆ ಇವುಗಳಲ್ಲಿ ನಿಮ್ಮ ಪಾಲು ಮೊದಲೇ ತೆಗೆದಿಡಿ. ಟೀ ಮುಟ್ಟಬೇಡಿ.

"ಗಂಡಸ್ರು ಉಣ್ಣಾಕ್ ಮುಂಚೆ ಸೊಸೆ ಉಣ್ಣಾದಾ?" ಎಂದು ಮಾದಮ್ಮ ಮೂಲೆಯಿಂದ ಹುಬ್ಬೇರಿಸಿದಳು. ನಾನು ಜಗಳ ಆಯಿತೆಂದೇ ತಿಳಿದೆ. ಮುದುಕಿ ಸ್ವಲ್ಪ ಹೊತ್ತು ಎಲೆಅಡಿಕೆ ಅಗಿದು ತಾನೇ ಒಂದು ದಾರಿ ಹುಡುಕಿದಳು. "ಅಡ್ಗೆ ಮಾಡ್ದೋಳು ರುಚಿ ನೋಡ್ಬೇಕಾ ಬ್ಯಾಡ್ವಾ? ಒಂದ್ ತಟ್ಟೆ ತುಂಬಾ ರುಚಿ ನೋಡು. ರುಚಿ ನೋಡಾದು ಊಟದ ಲೆಕ್ಕಕ್ ಬರಾಕಿಲ್ಲ." ಸಮಿತಿಯ ಹನ್ನೊಂದು ಮಂದಿ ಸದಸ್ಯರಲ್ಲಿ ಒಬ್ಬರಿಗೂ ಇಷ್ಟು ಒಳ್ಳೆಯ ತಿದ್ದುಪಡಿ ಹೊಳೆದಿರಲಿಲ್ಲ.

ಉಳಿದ ತೊಡಕು ಒಂದೇ, ನಾಲ್ಕು ಗಂಟೆಯ ಟೀ. ಬೇಡ ಅನ್ನುವ ಹಾಗಿರಲಿಲ್ಲ. ಹಾಜರಾತಿ ಫೋಟೋದಲ್ಲಿ ಲೋಟ ಕೈಯಲ್ಲಿರಬೇಕು, ಖಾಲಿ ಲೋಟ ವಾಪಸ್ ಎಣಿಸಿಕೊಡಬೇಕು. ಪುಟ್ಟಲಕ್ಷ್ಮಿ ನನ್ನ ಮೇಜಿನ ಪಕ್ಕದಲ್ಲೇ ಕೂರುತ್ತಿದ್ದಳು. ಮೊದಲ ದಿನ ಎರಡೂ ಲೋಟಗಳನ್ನು ನನ್ನ ಬುತ್ತಿಯ ಪಕ್ಕಕ್ಕೆ ಸರಿಸಿ, "ಇದ್ನ ಸ್ವಲ್ಪ ನೋಡ್ಕಳಿ ಸಾ," ಎಂದಳು. ನೋಡಿಕೊಂಡೆ. ನನ್ನವೆರಡು, ಆಕೆಯವೆರಡು, ಚಿತ್ರಾನ್ನದ ಜೊತೆ ಸೊಗಸಾಗಿ ಇಳಿಯುತ್ತಿತ್ತು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಒಂದು ದಿನವೂ ತಪ್ಪಿಸಲಿಲ್ಲ.

ಮಾರ್ಚ್ ಮೂವತ್ತೊಂದು ಬಂತು. ಪುಟ್ಟಲಕ್ಷ್ಮಿ ಬೆರಳು ಚುಚ್ಚಿಸಿಕೊಳ್ಳುವಾಗ ಕಣ್ಣು ಮುಚ್ಚಿ ನಂಜುಂಡಪ್ಪನನ್ನು ನೆನೆದಳು. ಹತ್ತು ಪಾಯಿಂಟ್ ಎಂಟು! ವನಿತಾ ಎರಡು ಸಲ ಯಂತ್ರ ನೋಡಿದಳು. ಮಾದಮ್ಮ ಸೊಸೆಯ ಕೆನ್ನೆ ಸವರಿ ನೆಟಿಕೆ ಮುರಿದಳು. ನನಗೂ ಕಣ್ಣು ತುಂಬಿ ಬಂತು, ಧೂಳು ಎಂದು ಹೇಳಿ ಒರೆಸಿಕೊಂಡೆ.

ಶಿವಸ್ವಾಮಿಯವರು ಸಂತೋಷದಲ್ಲೂ ವಿಶ್ಲೇಷಣೆ ಮರೆಯಲಿಲ್ಲ. "ನವೆಂಬರಿನ ನಂತರ ಆದ ಬದಲಾವಣೆ ಎರಡೇ," ಎಂದು ಸಭೆಗೆ ತಿಳಿಸಿದರು. "ಒಂದು, ಮಾತ್ರೆ ನಿಂತಿತು. ಇನ್ನೊಂದು, ಟೀ ಎರಡು ಲೋಟವಾಯಿತು. ರಕ್ತ ಏರಿದೆ. ಹಾಗಾದರೆ ಏರಿಸಿದ್ದು ಯಾವುದು?"

"ಟೀ!" ಎಂದ ಮರಿಯಯ್ಯ, ಬಾಗಿಲಿನಿಂದ.

ಉಳಿದ ನಲವತ್ತು ಹೆಂಗಸರ ರಕ್ತ ಇದ್ದಲ್ಲೇ ಇದ್ದದ್ದನ್ನೂ ಚರ್ಚಿಸಲಾಯಿತು. ಅವರು ಟೀಯನ್ನು ಶ್ರದ್ಧೆಯಿಂದ ಕುಡಿಯುತ್ತಿಲ್ಲ ಎಂಬ ತೀರ್ಮಾನಕ್ಕೆ ಬರಲಾಯಿತು. ವನಿತಾ ಬಾಯಿ ತೆರೆದಳು. ಪುಟ್ಟಲಕ್ಷ್ಮಿ ಆಕೆಯ ಕೈ ಹಿಡಿದು, "ಬುಡಿ ಸಿಸ್ಟರ್, ಕೆಲ್ಸ ಉಳೀತಲ್ಲ. ಮಿಕ್ಕೋರಿಗೂ ರುಚಿ ನೋಡಾದ ನಮ್ಮತ್ತೆ ಏಳ್ಕೊಡ್ತಾವ್ಳೆ," ಎಂದಳು. ನಾನು ಸತ್ಯ ಹೇಳಬಹುದಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು, ದಿನಕ್ಕೆ ನಾಲ್ಕು ಲೋಟದ ಕಥೆ ಹೊರಬೀಳುತ್ತಿತ್ತು. ತಲೆ ತಗ್ಗಿಸಿ ನಿರ್ಣಯ ಬರೆದುಕೊಂಡೆ: ಟೀ ಚಿಕಿತ್ಸೆಯನ್ನು ಟಿ. ನರಸೀಪುರ, ತಲಕಾಡು ಕಡೆಗೂ ವಿಸ್ತರಿಸುವುದು. ಮಾದರಿ ಫಲಾನುಭವಿ ಪುಟ್ಟಲಕ್ಷ್ಮಿಯವರಿಗೆ ಶಾಲು ಹೊದಿಸಿ ಟೀ ಫ್ಲಾಸ್ಕ್ ನೀಡಿ ಸನ್ಮಾನಿಸುವುದು. ಸಿಬ್ಬಂದಿಯೂ ರಕ್ತ ಪರೀಕ್ಷಿಸಿಕೊಂಡು ಮಾದರಿಯಾಗುವುದು.

ಕೊನೆಯ ಸಾಲನ್ನು ನಾನು ಬರೆಯಬಾರದಿತ್ತು. ನನ್ನದು ಒಂಬತ್ತು ಪಾಯಿಂಟ್ ನಾಲ್ಕು ಬಂತು. ಆಗಸ್ಟಿನಲ್ಲಿ ಹೆಂಗಸರ ಜೊತೆ ನಾನೂ ಚುಚ್ಚಿಸಿಕೊಂಡಿದ್ದಾಗ ಹದಿಮೂರೂವರೆ ಇತ್ತು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಶಿವಸ್ವಾಮಿಯವರು ನನ್ನ ಭುಜ ತಟ್ಟಿ, "ಚಿಂತೆ ಬೇಡ ಸೋಮಶೇಖರ್, ನಮ್ಮಲ್ಲೇ ಔಷಧವಿದೆ. ನಾಳೆಯಿಂದ ನಾಲ್ಕು ಲೋಟ," ಎಂದು ಬರೆದುಕೊಟ್ಟರು.

ಈಗ ನಾನೂ ಸಾಲಿನಲ್ಲಿ ಕೂರುತ್ತೇನೆ, ನಾಲಿಗೆ ಚಾಚುತ್ತೇನೆ. ನನ್ನ ಲೋಟಕ್ಕೆ ಬಗ್ಗಿಸುವ ಹೊಣೆ ಮಾದರಿ ಫಲಾನುಭವಿಯದು. ಪುಟ್ಟಲಕ್ಷ್ಮಿ ದಿನಾ ಸನ್ಮಾನದ ಫ್ಲಾಸ್ಕ್ ತಂದು, ಯಾರಿಗೂ ಒಳಗೇನಿದೆ ಎಂದು ಕಾಣದ ಹಾಗೆ ಸೆರಗು ಮರೆ ಮಾಡಿ ನಿಂಬೆಹಣ್ಣಿನ ಪಾನಕ ಬಗ್ಗಿಸುತ್ತಾಳೆ. ಬುತ್ತಿಯ ಮುಚ್ಚಳಕ್ಕೆ ಒಂದು ಹಿಡಿ ಸೊಪ್ಪಿನ ಪಲ್ಯ ಹಾಕುತ್ತಾಳೆ. "ರುಚಿ ನೋಡಿ ಸಾ, ರಕ್ತ ಬತ್ತದೆ," ಎನ್ನುತ್ತಾಳೆ.

ನಿನ್ನೆ ಪರೀಕ್ಷಿಸಿದಾಗ ಹನ್ನೊಂದು ಪಾಯಿಂಟ್ ಎರಡು ಇತ್ತು. ಪಾನಕದ ಲೋಟ ಖಾಲಿ ಮಾಡಿ, ಪೆನ್ನು ತೆಗೆದು, ನಡಾವಳಿಯಲ್ಲಿ ಬರೆದೆ: "ಫಲಾನುಭವಿ ಸೋಮಶೇಖರ್ ಟೀ ಸ್ವೀಕರಿಸಿದರು. ಟೀಯ ಗುಣ ಕಾಣುತ್ತಿದೆ."