ಅಂಕೋಲೆಯ ಮದುವೆಯ ಹಸಿ ಫೋಟೋಗಳು

ಫೋಟೋ ಸ್ಟುಡಿಯೋ ಇಟ್ಟವರ ಮನೆಯಲ್ಲಿ ಹೆದರಿಕೆಗೆ ಬರಗಾಲ ಇಲ್ಲ. ರೀಲಿನ ಕಾಲದಲ್ಲಿ ರೀಲಿಗೆ ಬೆಳಕು ಬಿದ್ದೀತು ಅಂತ ಹೆದರಿಕೆ. ಕಂಪ್ಯೂಟರ್ ಬಂದ ಮೇಲೆ ಯಾವುದಕ್ಕೆ ಹೆದರಬೇಕು ಅಂತಲೇ ತಿಳಿಯದ ಹೆದರಿಕೆ. ಕಾರವಾರದ ಕೋಡಿಬಾಗದಲ್ಲಿ ನಮ್ಮ ಸ್ಟುಡಿಯೋ. ಫೋಟೋ ತೆಗೆಯೂದು ನಮ್ಮನೆಯವ್ರು, ಅದನ್ನ ಕಂಪ್ಯೂಟರಿಗೆ ಹಾಕಿ ಸರಿ ಮಾಡೂದು ನಾನು, ಹೆದರೂದೂ ನಾನೇ. ಅವರಿಗೆ ಆ ಅಭ್ಯಾಸವೇ ಇಲ್ಲ. ನಾವು ಮೊದಲ ಡಿಜಿಟಲ್ ಕ್ಯಾಮರಾ ತಂದ ವರ್ಷ ಒಂದೇ ಒಂದು ಮದುವೆ ನನ್ನ ಜೀವವನ್ನ ಎಷ್ಟು ಸಲ ಬಾಯಿಗೆ ತಂದಿತು ಅಂತ ಹೇಳ್ತೇನೆ, ಕೇಳಿ.

ಬಿಳೀ ಚೌಕ

ಮದುವೆ ಅಂಕೋಲೆಯ ಸಮುದ್ರದ ಬದಿಯ ಒಂದು ಮನೆಯದು. ಹುಡುಗಿಯ ತಾಯಿ ಮೀನು ವ್ಯಾಪಾರದವಳು. ಹುಡುಗ ಹಡಗಿನ ಕೆಲಸದವ. ಮದುವೆಯಾಗಿ ವಾರದೊಳಗೆ ಅವನು ಮುಂಬಯಿಗೆ ಹೋಗಿ ಹಡಗು ಹತ್ತಬೇಕು, ಹತ್ತಿದರೆ ಮತ್ತೆ ವರ್ಷ ಕಳೆದೇ ಮನೆ. ಹೋಗುವಾಗ ಮದುವೆ ಫೋಟೋ ಅವನ ಕೈಯಲ್ಲಿ ಇರಬೇಕು ಅಂತ ಮೊದಲೇ ಮಾತಾಗಿತ್ತು.

ಮಾರನೇ ದಿನ ಬೆಳಿಗ್ಗೆ ಇವರು ಫೋಟೋ ಎಲ್ಲ ಕಂಪ್ಯೂಟರಿಗೆ ಇಳಿಸಿದರು, ಕ್ಯಾಮರಾದ ಕಾರ್ಡ್ ಪೂರಾ ಅಳಿಸಿದರು, ಅದನ್ನೇ ಹಾಕ್ಕೊಂಡು ಅಗಸೂರಿಗೆ ಯಾರದೋ ಮನೆ ಒಕ್ಕಲಿಗೆ ಹೊರಟರು. ನಾನು ಕಂಪ್ಯೂಟರ್ ಮುಂದೆ ಕೂತೆ. ಫೋಟೋ ಕಾಣಬೇಕಾದ ಜಾಗದಲ್ಲಿ ಸಾಲಾಗಿ ಬಿಳೀ ಚೌಕ! ಒತ್ತಿದರೆ, ಇದು ನನ್ನಿಂದ ಆಗೂದಿಲ್ಲ ಅಂತ ಇಂಗ್ಲಿಷಿನಲ್ಲಿ ಹೇಳ್ತದೆ. ಕಾರ್ಡಿನಲ್ಲೂ ಇಲ್ಲ, ಇಲ್ಲೂ ಇಲ್ಲ. ಒಬ್ಬರ ಮದುವೆಯನ್ನೇ ಕಳೆದು ಹಾಕಿದೆವಲ್ಲ ದೇವ್ರೇ! ಫೋನ್ ಮಾಡಿದರೆ ಅಗಸೂರಿನಲ್ಲಿ ರೇಂಜ್ ಇಲ್ಲ. ದೇವರಿಗೆ ಹಚ್ಚಿದ ಊದಿನಕಡ್ಡಿಯನ್ನ ತಂದು ಕಂಪ್ಯೂಟರಿಗೂ ಬೆಳಗಿದೆ. ಚೌಕ ಹಾಗೇ ಇತ್ತು.

ಮಧ್ಯಾಹ್ನ ಬಂದ ಇವರು ನಕ್ಕರು. "ಅದು ಹಸಿ ಫೋಟೋ ಮಾರಾಯ್ತಿ! ಗೋವೆಯ ಕ್ಯಾಮರಾ ಅಂಗಡಿಯವ ಹೇಳಿದ್ದ, ಹಸಿ ತೆಗೆದ್ರೆ ಬಣ್ಣ ಚಲೋ ಬರ್ತದೆ ಅಂತ. ಆಮೇಲೆ ಬೇಯಿಸಿ ಮಾಮೂಲಿ ಫೋಟೋ ಮಾಡ್ಬೇಕು, ಅಷ್ಟೇ."

"ಬೇಯಿಸೂದು ಹೇಗೆ?"

ಇವರು ತಲೆ ಕೆರ್ಕೊಂಡರು. "ಅದನ್ನ ಅವ ಹೇಳ್ಲಿಲ್ಲ."

ಕಾಗೆಯ ಸೀಡಿ

ಬೇಯಿಸುವ ಪ್ರೋಗ್ರಾಮು ಕ್ಯಾಮರಾದ ಸಂಗಡ ಬಂದ ಸೀಡಿಯಲ್ಲಿ ಇದೆ ಅಂತ ಅದರ ಪುಸ್ತಕ ಓದಿ ತಿಳೀತು. ಪೆಟ್ಟಿಗೆ ಬಿಚ್ಚಿದರೆ ಸೀಡಿ ಇಲ್ಲ. ಮೊದಲ ಸಲ ಇವರ ಮುಖವೂ ಬಿಳಚಿಕೊಂಡಿತು.

"ಕೆಲಸಕ್ಕೆ ಬರೂದಿಲ್ಲ ಅಂದ್ಕೊಂಡೆ. ಆಯಿ ಕೇಳಿದ್ಲು, ಕೊಟ್ಟೆ."

ಇಬ್ಬರೂ ಅಮದಳ್ಳಿಗೆ ಓಡಿದೆವು. ಅಲ್ಲಿ ಇವರ ಆಯಿ, ಅಂದ್ರೆ ನಮ್ಮ ಅತ್ತೆ, ಹಪ್ಪಳ ಒಣ ಹಾಕುವ ಅಂಗಳಕ್ಕೆ ದಾರ ಕಟ್ಟಿ ಸಾಲಾಗಿ ಸೀಡಿ ತೂಗು ಹಾಕಿದ್ದರು. ಗಾಳಿಗೆ ತಿರುಗಿ ಮಿಂಚಿದರೆ ಕಾಗೆ ಹೆದರ್ತದಂತೆ. ನಮ್ಮದು ನಟ್ಟ ನಡುವೆ ತಿರುಗ್ತಾ ಇತ್ತು. ಕಾಗೆ ಎಷ್ಟು ಹೆದರಿತ್ತು ಅನ್ನೂದರ ಗುರುತು ಅದರ ಮೇಲೇ ಬಿದ್ದಿತ್ತು.

ಅತ್ತೆ ಬಿಡಲೊಲ್ಲರು. "ಎಲ್ಲಕ್ಕಿಂತ ಹೊಳಿಯೂದು ಅದೊಂದೇ. ಅದನ್ನ ತಕಂಡು ಹೋದ್ರೆ ಹಪ್ಪಳ ಯಾರು ಕಾಯೂದು?"

ಕಡೆಗೆ ಸೀಡಿ ಹಿಡ್ಕೊಂಡು ನಾನು ಬಸ್ಸು ಹತ್ತಿದೆ, ಅದರ ಬದಲಿಗೆ ಅತ್ತೆ ತಮ್ಮ ಮಗನನ್ನ, ಅಂದ್ರೆ ಇವರನ್ನೇ, ಹಪ್ಪಳದ ಎದುರು ಕೂರಿಸಿದರು. ಮನೆಗೆ ಬಂದು ಸಾಬೂನು ಹಚ್ಚಿ ತೊಳೆದೆ, ಹಳೇ ಸೀರೆಯಿಂದ ಒರೆಸಿದೆ, ಕಂಪ್ಯೂಟರಿಗೆ ಹಾಕಿ ಕಣ್ಣು ಮುಚ್ಚಿದೆ. ಒಳಗೆ ಗಿರ್ರ್ ಅಂತ ಸದ್ದು. ಬಿಟ್ಟು ನೋಡಿದರೆ ಪ್ರೋಗ್ರಾಮು ಇಳೀತಾ ಇದೆ! ಮೊದಲ ಚೌಕದಲ್ಲಿ ಮದುಮಗಳ ಮುಖ ಬಂದಾಗ ನಾನು ಅತ್ತೇ ಬಿಟ್ಟೆ.

ಅಲ್ಲಿ ಅಮದಳ್ಳಿಯಲ್ಲಿ ಕಾಗೆ ಅರ್ಧ ಹಪ್ಪಳ ಹೊತ್ಕೊಂಡು ಹೋಗಿತ್ತು. ಮಗನಿಗಿಂತ ಸೀಡಿಯೇ ಚಲೋ ಇತ್ತು ಅಂತ ಅತ್ತೆ ಇವತ್ತಿಗೂ ಹೇಳ್ತಾರೆ.

ಬರ್ಫ

ಬೇಯೂದು ಅಂದ್ರೆ ಎಂತಾ ಬೇಯೂದು! ಒಂದು ಫೋಟೋ ಆಗೂದರೊಳಗೆ ಒಲೆ ಮೇಲಿನ ಕುಚ್ಚಕ್ಕಿ ಅನ್ನ ಆಗಿರ್ತಿತ್ತು. ನಡುವೆ ಕರೆಂಟ್ ಹೋದರೆ ಮತ್ತೆ ಮೊದಲಿಂದ. ಹುಡುಗನ ರೈಲಿನ ದಿನ ಹತ್ತಿರ ಬರ್ತಾ ಇತ್ತು. ನನಗೆ ಊಟ ಸೇರ್ತಿರಲಿಲ್ಲ.

ಅಷ್ಟರಲ್ಲಿ ಹುಡುಗಿಯ ತಾಯಿ ಮೀನು ಬುಟ್ಟಿ ಸಮೇತ ಬಾಗಿಲಲ್ಲಿ. "ಬಾಯೀ, ಫೋಟೋ ಆಯ್ತನಾ?"

ಹೆದರಿಕೆಯಲ್ಲಿ ನನ್ನ ಬಾಯಿಂದ ಇದ್ದದ್ದೇ ಬಂತು. "ಇನ್ನೂ ಹಸಿ ಇದೆ ಅಮ್ಮಾ."

"ಹಸೀನಾ?" ಬುಟ್ಟಿ ದೊಪ್ಪನೆ ಕೆಳಗೆ ಬಂತು. "ಮದ್ವೆ ಆಗಿ ಎಷ್ಟು ದಿನ ಆಯ್ತು! ಇಷ್ಟು ದಿನ ಹಸಿ ಇಟ್ರೆ ನಾತ ಬರೂದಿಲ್ವನೇ? ಎಲ್ಲಿಟ್ಟೀ?"

ಕಂಪ್ಯೂಟರಿನ ಪೆಟ್ಟಿಗೆಯ ಕಡೆ ಕೈ ತೋರಿಸಿದೆ. ಅವಳು ಅದನ್ನ ಮುಟ್ಟಿ ನೋಡಿದಳು. ಬೆಳಗಿನಿಂದ ಓಡಿ ಕಾದು ಹೋಗಿತ್ತು.

"ಅಯ್ಯಯ್ಯೋ, ಬಿಸಿ ಆಗೋಗದೆ! ಇನ್ನು ಉಳಿಯೂದಿಲ್ಲ!" ಅಂದವಳೇ ಬುಟ್ಟಿಯೊಳಗೆ ಕೈ ಹಾಕಿ ಮೀನು ಕೆಡದಂತೆ ಇಟ್ಟ, ನೀರು ಸುರಿಯುವ ಬರ್ಫದ ಗಡ್ಡೆ ತೆಗೆದು ಕಂಪ್ಯೂಟರಿನ ಮೇಲೆ ಇಡೂಕೆ ಬಂದಳು. ನಾನು ಪೆಟ್ಟಿಗೆ ತಬ್ಬಿಕೊಂಡು ಕಿರುಚಿದ್ದು ಕಾಳಿ ಸೇತುವೆಯ ಮೇಲಿನವರಿಗೂ ಕೇಳಿಸಿತಂತೆ.

ರೈಲು

ಹಸಿ ಫೋಟೋಕ್ಕೆ ಇಂಗ್ಲಿಷಿನಲ್ಲಿ RAW ಅಂತಾರೆ. ಆ ಶಬ್ದವನ್ನ ನಮ್ಮನೆಯವ್ರು ಅಕ್ಷರ ನೋಡಿ 'ರಾವ್' ಅಂತಲೇ ಓದೂದು. ಆ ಮದುವೆ ಮನೆಯವರದ್ದೋ ಕೊಂಕಣಿ. ಕೊಂಕಣಿಯಲ್ಲಿ 'ರಾವ್' ಅಂದ್ರೆ ತಡಿ, ನಿಲ್ಲು. ಇದು ಮೊದಲೇ ನಮ್ಮಿಬ್ಬರ ತಲೆಗೂ ಹೊಳೀಲಿಲ್ಲ.

ರೈಲಿನ ದಿನ ಬೆಳಿಗ್ಗೆ ಹುಡುಗ ಬ್ಯಾಗು ಹಿಡ್ಕೊಂಡು ಸೀದಾ ಸ್ಟುಡಿಯೋಕ್ಕೆ ಬಂದ. ಬಹಳ ನಾಚಿಕೆಯವ. ನಾನು ಒಳಗೆ ಕಡೆಯ ಫೋಟೋಗಳನ್ನ ಬೇಯಿಸ್ತಾ ಇದ್ದೆ. ಅವನು ಹೊರಗೆ ಇವರ ಹತ್ತಿರ ಕೇಳಿದನಂತೆ, ಫೋಟೋ ಆಯ್ತಾ ಅಂತ. ಇವರು ಲೆನ್ಸ್ ಒರೆಸ್ತಾ, ತಲೆ ಎತ್ತದೇ, "ರಾವ್" ಅಂದರು. ಇನ್ನೂ ಹಸಿ ಇದೆ ಅನ್ನೂದು ಇವರ ಅರ್ಥ. ಹುಡುಗ ಬೆಂಚಿನ ಮೇಲೆ ಕೂತ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದ. "ರಾವ್, ರಾವ್." ಮತ್ತೆ ಕೂತ.

ಮಧ್ಯಾಹ್ನ ಕೆಲಸ ಮುಗಿಸಿ, ಫೋಟೋ ತುಂಬಿದ ಸೀಡಿ ಹಿಡ್ಕೊಂಡು ಹೊರಗೆ ಓಡಿ ಬಂದೆ. ಹುಡುಗ ಬೆಂಚಿನ ಮೇಲೆ ಕೈ ಕಟ್ಟಿ ಕೂತಿದ್ದಾನೆ. ಗಡಿಯಾರ ನೋಡಿದೆ. ರೈಲಿನ ಹೊತ್ತು ಮೀರಿತ್ತು.

"ನಿಮ್ಮ ರೈಲು?"

"ಹೋಯ್ತು ಅಕ್ಕಾ. ಅಣ್ಣ ರಾವ್ ಅಂದ್ರಲ್ಲ."

ಹಡಗು ತಪ್ಪಿದರೆ ಅವನ ಅನ್ನ ತಪ್ಪಿಸಿದವರು ನಾವು. ಅವನೇ ಬೂತಿಗೆ ಹೋಗಿ ಮುಂಬಯಿಗೆ ಫೋನ್ ಮಾಡಿ ಬಂದ. ಹಡಗು ಇನ್ನೂ ಬಂದರದಲ್ಲೇ ಇದೆ, ನಾಳೆಯ ರೈಲಿಗೆ ಬಂದರೂ ನಡೀತದೆ ಅಂದರಂತೆ. ಸೀಡಿ ತಕೊಂಡು ಅಂಕೋಲೆಗೆ ವಾಪಸ್ ಹೋದ. ಆದರೂ ನನ್ನ ಹೆದರಿಕೆ ಇಳೀಲಿಲ್ಲ. ಅವನ ಅತ್ತೆ ಸುಮ್ಮನೆ ಬಿಡುವ ಹೆಂಗಸೇ? ಈ ಸಲ ಬರ್ಫ ಬೀಳೂದು ನನ್ನ ತಲೆ ಮೇಲೇ ಅಂದ್ಕೊಂಡೆ.

ಮರುದಿನ ಸ್ಟುಡಿಯೋ ಬಾಗಿಲು ತೆಗೆಯೂಕೆ ಪುರಸೊತ್ತಿಲ್ಲ, ಮದುಮಗಳೇ ಬಂದು ನಿಂತಿದ್ದಾಳೆ. ಏದುಸಿರು ಬಿಡ್ತಾ ಇದ್ದಾಳೆ, ಮುಖ ಕೆಂಪಗಾಗಿದೆ. ಇವರು ಮೆಲ್ಲಗೆ ಒಳಗೆ ಜಾರಿದರು. ನಾನು ಕೈ ಮುಗಿದೆ. "ತಪ್ಪಾಯ್ತು ತಂಗಿ, ನಮ್ಮಿಂದ ಹೀಗಾಯ್ತು."

ಅವಳು ಹಿಂದೆ ಮುಂದೆ ನೋಡಿ ಹತ್ತಿರ ಬಂದು, ದನಿ ತಗ್ಗಿಸಿ ಅಂದಳು:

"ಅಕ್ಕಾ, ಅವ್ರು ರೈಲಿಗೆ ಹೊರಟು, ನಿಮಗೆ ಹೇಳಿ ಹೋಗೂಕೆ ನನ್ನ ಹಿಂದೇ ಬರ್ತಾ ಇದ್ದಾರೆ. ಇವತ್ತೂ ಒಂದ್ಸಲ ರಾವ್ ಅನ್ನೂಕೆ ಅಣ್ಣಂಗೆ ಹೇಳ್ತ್ಯಾ?"